ಟ್ರ್ಯಾಕ್ ಹಾಕ್ಲಾ ಅಣ್ಣಾ?

ಹೋದ ನವೆಂಬರಿನಲ್ಲಿ ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಶಾಮಿಯಾನ ಎದ್ದಿತ್ತು. ನಡುವೆ ಭುವನೇಶ್ವರಿಯ ಪಟ, ಅದರ ಆಚೆ ಈಚೆ ಅಣ್ಣಾವ್ರು ಮತ್ತು ಅಪ್ಪು, ಮೇಲೆ ಕೆಂಪು ಹಳದಿ ಬಂಟಿಂಗ್ಸು. ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ‘ಅದ್ದೂರಿ ಆರ್ಕೆಸ್ಟ್ರಾ’. ಊಟ ಅರ್ಧಕ್ಕೇ ಬಿಟ್ಟು ಓಡಿದೆ, ಹಳೇ ಚಾಳಿ. ವೇದಿಕೆಯ ಮೇಲೆ ನೋಡಿದರೆ ಒಬ್ಬ ಗಾಯಕ, ಇಬ್ಬರು ಗಾಯಕಿಯರು, ಒಂದು ಲ್ಯಾಪ್‌ಟಾಪು, ಅದರ ಹಿಂದೆ ಟೋಪಿ ಹಾಕಿಕೊಂಡ ಒಬ್ಬ ಹುಡುಗ. ಮುಖ್ಯ ಅತಿಥಿಗಳ ಭಾಷಣ ಹೇಗೋ ಮುಗಿಯಿತು. ಹುಡುಗ ಗಾಯಕನ ಕಡೆ ತಿರುಗಿ ಕೇಳಿದ: “ಟ್ರ್ಯಾಕ್ ಹಾಕ್ಲಾ ಅಣ್ಣಾ?”

ಹಾಕಿದ. ‘ನಾ ನಿನ್ನ ಮರೆಯಲಾರೆ’ ಚಿತ್ರದ ಹಾಡು, ರಾಜನ್-ನಾಗೇಂದ್ರ ಅವರದು. ಸ್ಪೀಕರಿನೊಳಗಿಂದ ಒಂದು ಹಿಂಡು ವಯಲಿನ್‌ಗಳು ಒಟ್ಟಿಗೇ ಎದ್ದು ಬಂದವು. ವೇದಿಕೆಯ ಮೇಲೆ ಒಂದೇ ಒಂದು ತಂತಿ ಇರಲಿಲ್ಲ. ಗಾಯಕ ಚೆನ್ನಾಗಿಯೇ ಹಾಡಿದ, ಜನ ಚಪ್ಪಾಳೆ ತಟ್ಟಿದರು. ತಪ್ಪು ಯಾರದೂ ಅಲ್ಲ. ನನಗೆ ಮಾತ್ರ ಮದುವೆಮನೆಗೆ ಹೋಗಿ ಗಂಡು ಹೆಣ್ಣಿನ ಫೋಟೋಗೆ ಅಕ್ಷತೆ ಹಾಕಿ ಬಂದ ಹಾಗಾಯಿತು.

ದೊಡ್ಡ ದೊಡ್ಡ ಊರುಗಳಿಗೆ ತಮ್ಮದೇ ಸಿಂಫನಿ ಆರ್ಕೆಸ್ಟ್ರಾ ಇರುತ್ತದೆ. ವಿಯೆನ್ನಾಕ್ಕೆ ಇದೆ, ಬರ್ಲಿನ್ನಿಗೆ ಇದೆ, ಲಂಡನ್ನಿಗಂತೂ ಒಂದಕ್ಕಿಂತ ಹೆಚ್ಚು. ನಮ್ಮ ಉತ್ತರ ಬೆಂಗಳೂರಿಗೆ ಇದ್ದದ್ದು ಬೀದಿಗೆ ಬರುತ್ತಿದ್ದ ಆರ್ಕೆಸ್ಟ್ರಾ. ಕರಪತ್ರದಲ್ಲಿ ‘ವಾದ್ಯಗೋಷ್ಠಿ’ ಎಂದೋ ‘ರಸಮಂಜರಿ’ ಎಂದೋ ಅಚ್ಚಾಗುತ್ತಿತ್ತು, ಬಾಯಲ್ಲಿ ಯಾರೂ ಹಾಗನ್ನುತ್ತಿರಲಿಲ್ಲ. “ಇವತ್ತು ಯಾರ್ಡ್ ಗಣೇಶನ ಹತ್ರ ಆರ್ಕೆಸ್ಟ್ರಾ ಐತೆ” ಅಂದರೆ ಮುಗಿಯಿತು. ಯಶವಂತಪುರದ ಆರ್‌ಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆಗಳನ್ನು ಸರಿಸಿ ಮಾಡಿದ ಜಾಗದಲ್ಲಿ ಗಣೇಶ. ಮೆಜೆಸ್ಟಿಕ್ಕಿನಿಂದ ಅಣ್ಣಮ್ಮ ದೇವಿಯನ್ನು ಕರೆತಂದು ಬೀದಿಯಲ್ಲಿ ಕೂರಿಸಿದರೆ, ಕಳಿಸಿಕೊಡುವ ಮುಂಚಿನ ರಾತ್ರಿ ಆರ್ಕೆಸ್ಟ್ರಾ. ಹೆಬ್ಬಾಳ, ಯಲಹಂಕದ ಕಡೆ ಊರಹಬ್ಬಕ್ಕೆ ಆರ್ಕೆಸ್ಟ್ರಾ. ನವೆಂಬರ್ ಬಂತೆಂದರೆ ಕೇಳಲೇಬೇಡಿ, ತಿಂಗಳು ಪೂರ್ತಿ ಅದೇ.

ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಮರುವರ್ಷ ಪಕ್ಕದಲ್ಲೇ ಬಿಇಎಲ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ಬಂತು. ಸೈರನ್ ಕೂಗಿಗೆ ಏಳುತ್ತಿದ್ದ, ಸೈರನ್ ಕೂಗಿಗೆ ಊಟ ಮಾಡುತ್ತಿದ್ದ ಬಡಾವಣೆಗಳು ನಮ್ಮವು. ಈ ಕಾರ್ಖಾನೆಗಳ ಕೆಲಸಗಾರರು ಕನ್ನಡ ಸಂಘಗಳನ್ನು ಕಟ್ಟಿಕೊಂಡಿದ್ದರು. ಅಪ್ಪ ತಿಂಗಳಿಗೆ ಇಷ್ಟು ಅಂತ ವಂತಿಗೆ ಕೊಡುತ್ತಿದ್ದರು, ಎಷ್ಟು ಅಂತ ಅಮ್ಮನಿಗೆ ಹೇಳುತ್ತಿರಲಿಲ್ಲ. ಆ ವಂತಿಗೆಯೇ ವರ್ಷಕ್ಕೊಮ್ಮೆ ಹದಿನೈದು ಜನ ವಾದ್ಯಗಾರರಾಗಿ ನಮ್ಮ ಮುಂದೆ ಬಂದು ಕೂರುತ್ತಿತ್ತು ಅಂತ ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ.

ಮಧ್ಯಾಹ್ನ ಮೂರಕ್ಕೆಲ್ಲ ಮ್ಯಾಟಡಾರ್ ಬರುತ್ತಿತ್ತು. ನಾವು ಹುಡುಗರು ಸ್ಕೂಲಿನಿಂದ ನೇರ ಅಲ್ಲಿಗೇ. ಮೊದಲು ಇಳಿಯುವುದು ಡ್ರಮ್ ಸೆಟ್ಟು. ಆಮೇಲೆ ಕಾಂಗೊ, ಬಾಂಗೊ, ತಬಲದ ಗಂಟು, ಮಗುವಿನಂತೆ ಎದೆಗವಚಿಕೊಂಡು ತರುವ ಅಕಾರ್ಡಿಯನ್ನು, ಕಪ್ಪು ಪೆಟ್ಟಿಗೆಯ ಟ್ರಂಪೆಟ್ಟು. ಮೈಕ್‌ಸೆಟ್ಟಿನವನು ವೇದಿಕೆಯ ಎರಡೂ ಕಡೆ ಕಾಲಮ್ಮುಗಳನ್ನು ನಿಲ್ಲಿಸಿ, ಲೈಟ್ ಕಂಬಕ್ಕೆ ಹಾರ್ನ್ ಕಟ್ಟಿ “ಹಲೋ ಮೈಕ್ ಟೆಸ್ಟಿಂಗ್” ಶುರು ಮಾಡಿದರೆ ಸಂಜೆ ಆರರವರೆಗೆ ಬೀದಿಗೆಲ್ಲ ಅದೇ ಸಂಗೀತ. ಹಿಂದಿನ ಸಾಲಿನಲ್ಲಿ ತಾಳವಾದ್ಯ, ಒಂದು ಬದಿಗೆ ಲೀಡು ಮತ್ತು ಬೇಸು ಗಿಟಾರು, ಇನ್ನೊಂದು ಬದಿಗೆ ಮೂರು ವಯಲಿನ್ನು, ಒಂದು ಕೊಳಲು, ಒಂದು ಕ್ಲಾರಿನೆಟ್ಟು. ಕಡು ನೀಲಿ ಕೋಟು ಎಲ್ಲರಿಗೂ ಒಂದೇ ಅಳತೆಯದು, ಆದ್ದರಿಂದ ಯಾರಿಗೂ ಸರಿಹೋಗದ್ದು.

ಅವರೆಲ್ಲ ಹಗಲು ಹೊತ್ತು ಬೇರೆ ಏನೋ ಆಗಿದ್ದರು. ಕ್ಲಾರಿನೆಟ್ಟಿನವರ ಮನೆತನ ನಾಗಸ್ವರದ್ದು. ಟ್ರಂಪೆಟ್ಟಿನವರು ಶಿವಾಜಿನಗರದ ಬ್ಯಾಂಡ್‌ಸೆಟ್ಟಿನವರು, ಮದುವೆ ಸೀಸನ್ನಿನಲ್ಲಿ ಸಿಗುತ್ತಲೇ ಇರಲಿಲ್ಲ. ಗಿಟಾರಿನ ಇಬ್ಬರೂ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ನುಡಿಸುವವರು. ವಯಲಿನ್ನಿನ ಮೂವರಲ್ಲಿ ಹಿರಿಯರು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕರ್ನಾಟಕ ಸಂಗೀತ ಕಲಿತ ಕೈ, ನೆಲದ ಮೇಲೆ ಕಾಲು ಮಡಿಸಿ ಕೂತು ನುಡಿಸಿ ಅಭ್ಯಾಸ. ಆರ್ಕೆಸ್ಟ್ರಾದಲ್ಲಿ ಕುರ್ಚಿ. “ಕುರ್ಚಿ ಮೇಲೆ ಕೂತ್ರೆ ಗಮಕ ಕೆಳಗೆ ಬಿದ್ದೋಗತ್ತೆ ಕಣಪ್ಪ” ಅನ್ನುತ್ತಿದ್ದರು.

ಒಂದು ಸಲ ಗಣೇಶನ ಕಾರ್ಯಕ್ರಮದಲ್ಲಿ ಮೂರನೆಯ ಹಾಡಿಗೇ ಮಳೆ ಹಿಡಿಯಿತು. ತಾಡಪಾಲಿನಲ್ಲಿ ನೀರು ಹೊಟ್ಟೆಯ ಹಾಗೆ ಜೋತುಬಿದ್ದು, ಯಾರೋ ಕೋಲಿನಿಂದ ಚುಚ್ಚಲು ಹೋಗಿ ಪೂರ್ತಿ ನೀರು ವಯಲಿನ್ನಿನವರ ಮೇಲೆಯೇ ಸುರಿಯಿತು. ಮೇಷ್ಟ್ರು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕೋಟು ಬಿಚ್ಚಿ ವಯಲಿನ್ನಿಗೆ ಸುತ್ತಿದರು, ಅದರ ಮೇಲೆ ಹೆಗಲ ಟವೆಲ್ಲು ಸುತ್ತಿದರು, ಅದನ್ನು ಹೊಟ್ಟೆಗೆ ಒತ್ತಿಕೊಂಡು ಬೆನ್ನನ್ನು ಮಳೆಗೆ ಕೊಟ್ಟು ಕೂತರು. ತಲೆಯಿಂದ ನೀರು ಇಳಿಯುತ್ತಿತ್ತು. ಮಳೆ ನಿಂತ ಮೇಲೆ ಟವೆಲ್ಲು ಬಿಚ್ಚಿ, ತಂತಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಮಿಡಿದು, ಬಿರಡೆ ತಿರುವಿ, ಬಿಲ್ಲಿಗೆ ರಾಳ ತಿಕ್ಕಿ, ಮತ್ತೆ ಹೆಗಲಿಗೇರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಐನೂರು ಜನ ಒದ್ದೆ ಕುರ್ಚಿಯಲ್ಲಿ ಕಾದಿದ್ದೆವು. ಎದ್ದು ಹೋದವರು ಕಡಿಮೆ.

ಹಾಡು ಬೀದಿಗೆ ಬರುತ್ತಿದ್ದ ದಾರಿಯೂ ಹೇಳುವಂಥದ್ದು. ಆಗ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಹೆಚ್ಚಿನಂಶ ಮದ್ರಾಸಿನಲ್ಲೇ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡಿಗೆ ಅಲ್ಲಿಯ ಸ್ಟುಡಿಯೋಗಳಲ್ಲಿ ಸಾಲುಸಾಲು ವಯಲಿನ್‌ಗಳು ನುಡಿಯುತ್ತಿದ್ದವು. ಆ ಹಾಡು ಕ್ಯಾಸೆಟ್ಟಾಗಿ ಮೇಷ್ಟ್ರ ಮನೆಗೆ ಬರುತ್ತಿತ್ತು. ಅವರು ಟೇಪ್‌ರೆಕಾರ್ಡರ್ ಮುಂದೆ ನೋಟ್‌ಬುಕ್ ಇಟ್ಟುಕೊಂಡು, ಎರಡು ಸೆಕೆಂಡು ಕೇಳಿ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಸ್ವರ ಬರೆಯುತ್ತಿದ್ದರು. ಚರ್ಚಿನ ಹುಡುಗರಿಗೆ ಐದು ಗೆರೆಯ ಮೇಲೆ, ತಮಗೆ ಮತ್ತು ಕ್ಲಾರಿನೆಟ್ಟಿಗೆ ಸರಿಗಮದಲ್ಲಿ. ಮದ್ರಾಸಿನ ಮೂವತ್ತು ವಯಲಿನ್ನಿನ ಕೆಲಸವನ್ನು ಮೂರರಲ್ಲಿ ಮಾಡಬೇಕು. ಯಾವುದನ್ನು ಬಿಡುವುದು, ಯಾವುದನ್ನು ಅಕಾರ್ಡಿಯನ್ನಿಗೆ ದಾಟಿಸುವುದು, ಎಲ್ಲಿ ಕೊಳಲಿನಿಂದ ತೂತು ಮುಚ್ಚುವುದು, ಇದೆಲ್ಲ ಅವರ ತಲೆ. ಕಾನ್ಸರ್ಟು ಹಾಲಿನಲ್ಲಿ ಇದೇ ಕೆಲಸ ಮಾಡುವವರ ಹೆಸರು ಕಾರ್ಯಕ್ರಮದ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ. ಮೇಷ್ಟ್ರಿಗೆ ಒಂದು ಪ್ಲೇಟ್ ಬಿಸಿಬೇಳೆಬಾತ್ ಜಾಸ್ತಿ ಸಿಗುತ್ತಿತ್ತು.

ರಾಜನ್-ನಾಗೇಂದ್ರರೂ ಇಂಥ ಕುರ್ಚಿಯಿಂದಲೇ ಎದ್ದು ಬಂದವರು. ಮೈಸೂರಿನ ಶಿವರಾಂಪೇಟೆಯ ಹುಡುಗರು. ತಂದೆ ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಅಣ್ಣ ವಯಲಿನ್, ತಮ್ಮ ಜಲತರಂಗ, ಸೇರಿದ್ದು ಜಯಮಾರುತಿ ಆರ್ಕೆಸ್ಟ್ರಾ. ಇನ್ನೊಬ್ಬರು ಇಳಯರಾಜ. ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಅವರ ಸಿಂಫನಿಯನ್ನು ನುಡಿಸಿದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನನಗೆ ನೆನಪಾದದ್ದು ಮೇಷ್ಟ್ರ ನೋಟ್‌ಬುಕ್ಕು.

ಲಂಡನ್ನಿನ ಮಾತು ಬಂತಲ್ಲ, ಆರ್‌.ಟಿ. ನಗರಕ್ಕೆ ಅಂಟಿಕೊಂಡಂತಿರುವ ಜೆ.ಸಿ. ನಗರದ ‘ಜೆ.ಸಿ.’ ಯಾರು ಅಂತ ಅಲ್ಲಿಯ ಬಸ್‌ಸ್ಟಾಪಿನಲ್ಲಿ ನಿಂತ ಹತ್ತು ಜನರನ್ನು ಕೇಳಿ ನೋಡಿ. ಜಯಚಾಮರಾಜೇಂದ್ರ ಒಡೆಯರು. ಅವರ ಸಂಗೀತದ ಕಥೆ ನಮ್ಮಲ್ಲಿ ಅರ್ಧ ಮಾತ್ರ ಪ್ರಚಾರದಲ್ಲಿದೆ. ಶ್ರೀವಿದ್ಯಾ ಅಂಕಿತದ ತೊಂಬತ್ತನಾಲ್ಕು ಕೃತಿಗಳು ಎಲ್ಲರಿಗೂ ಗೊತ್ತು. ಇನ್ನರ್ಧ ಪಿಯಾನೋದ್ದು. ದೊಡ್ಡಪ್ಪ ನಾಲ್ವಡಿಯವರ ಕಾಲದಲ್ಲೇ ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ಒಟ್ಟೊ ಷ್ಮಿಟ್ ಎಂಬ ಜರ್ಮನ್ ಅದನ್ನು ನಡೆಸುತ್ತಿದ್ದ. ಆ ವಾತಾವರಣದಲ್ಲಿ ಬೆಳೆದ ಹುಡುಗನಿಗೆ ಪಿಯಾನೋ ವಾದಕನಾಗಬೇಕೆಂಬ ಆಸೆ. 1940ರಲ್ಲಿ ಪಟ್ಟವೇರಬೇಕಾಗಿ ಬಂತು, ಆಸೆ ಅಲ್ಲಿಗೇ ನಿಂತಿತು. ಆಮೇಲೆ ಬೇರೆಯವರು ನುಡಿಸಲಿ ಅಂತ ದುಡ್ಡು ಕೊಟ್ಟರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಲಂಡನ್ನಿನಲ್ಲಿ ಯಾರೂ ಕೇಳುವವರಿಲ್ಲದೆ ಮುದುಕನಾಗುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣ ಮಾಡಿಸಿದವರು ಮೈಸೂರಿನ ಮಹಾರಾಜರು. ಅವನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಯುದ್ಧ ಮುಗಿದ ಮೇಲೆ ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಟ್ಟರು. 1948ರಲ್ಲಿ ಅದರ ಸಂಗೀತ ಸಭೆಗೆ ಮೊದಲ ಅಧ್ಯಕ್ಷರೂ ಆದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಫುರ್ಟ್‌ವೆಂಗ್ಲರ್ ನಡೆಸಿದ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದಳು. ಆ ಸಂಜೆಯ ಖರ್ಚಿಗೆ ಭರವಸೆ ನಿಂತದ್ದೂ ಮೈಸೂರಿನ ಹಣವೇ.

ಮಹಾರಾಜರ ಮೇಲೆ ನನಗೆ ಗೌರವವಿದೆ, ಸ್ವಲ್ಪ ಹೊಟ್ಟೆಕಿಚ್ಚಿನ ಆಕ್ಷೇಪವೂ ಇದೆ. ಅದರಲ್ಲಿ ನಾಲ್ಕಾಣೆ ಬೆಂಗಳೂರಿನಲ್ಲಿ ಇಟ್ಟಿದ್ದರೆ! ಆದರೆ ಆಮೇಲೆ ಅವರ ಕೈಯಲ್ಲೂ ಏನೂ ಉಳಿಯಲಿಲ್ಲ. ರಾಜ್ಯ ಹೋಯಿತು, 1971ರಲ್ಲಿ ರಾಜಧನ ಹೋಯಿತು, 1974ರಲ್ಲಿ ಬೆಂಗಳೂರಿನ ಅರಮನೆಯಲ್ಲೇ ತೀರಿಕೊಂಡರು. ಅರಮನೆಯ ಬ್ಯಾಂಡಿನ ಪರಂಪರೆ ಪೊಲೀಸ್ ಇಲಾಖೆಗೆ ಬಂತು. ಇವತ್ತಿಗೂ ದಸರೆಯಲ್ಲಿ ಪೊಲೀಸರ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡೂ ನುಡಿಸುತ್ತವೆ. ಇಲಾಖೆಯ ಸಂಬಳವಿದೆ, ಅದಕ್ಕೇ ಉಳಿದಿವೆ. ಬೆಂಗಳೂರಿನ ಅರಮನೆ ಮೈದಾನ ಬಾಡಿಗೆಗೆ ನಿಂತಿತು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲಿಗೆ ಬಂದರು. 2005ರಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಜಾತ್ರೆಯಲ್ಲಿ ನಾನೂ ಒಬ್ಬ, ಮೇಖ್ರಿ ಸರ್ಕಲ್ಲಿನಿಂದ ನಡೆದೇ ಮನೆಗೆ ಬಂದಿದ್ದೆ.

ಮಹಾರಾಜರು ಲಂಡನ್ನಿಗೆ ಮಾಡಿದ್ದನ್ನೇ ಎಚ್‌ಎಂಟಿ, ಬಿಇಎಲ್ಲಿನ ಕೆಲಸಗಾರರು ಜಾಲಹಳ್ಳಿಗೆ ಮಾಡಿದರು ಅಂತ ನಾನು ಹೇಳಿದರೆ ನಗುತ್ತೀರಿ. ಹದಿನೈದು ಜನರಿಗೆ ಒಂದು ರಾತ್ರಿಯ ಕೂಲಿ ಕೊಡಲು ಯಾರಾದರೂ ಒಪ್ಪಿದರೆ ಆರ್ಕೆಸ್ಟ್ರಾ ಇರುತ್ತದೆ, ಒಪ್ಪದಿದ್ದರೆ ಇರುವುದಿಲ್ಲ. ಅಷ್ಟೇ ಲೆಕ್ಕ. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೆಗೆದುಕೊಂಡಿತು. ಕೆಲಸಗಾರರು ಅದಕ್ಕೆ ಎಷ್ಟೋ ಮುಂಚೆಯೇ ಸ್ವಯಂ ನಿವೃತ್ತಿ ತೆಗೆದುಕೊಂಡು ಚದುರಿದ್ದರು. ಗಡಿಯಾರದ ಜತೆ ವಂತಿಗೆಯೂ ನಿಂತಿತು.

ಮೊದಲ ಪೆಟ್ಟು ಮಾತ್ರ ಒಳಗಿನಿಂದಲೇ ಬಿದ್ದದ್ದು. 1987ರಲ್ಲಿ ‘ಪ್ರೇಮಲೋಕ’ದ ಕ್ಯಾಸೆಟ್ಟು ಬಂತು. ಹಂಸಲೇಖರ ಆ ಹಾಡುಗಳನ್ನು ಕೇಳಿ ಹುಚ್ಚಾಗದವರು ನಮ್ಮ ಬಡಾವಣೆಯಲ್ಲಿ ಇರಲಿಲ್ಲ. ಅದರಲ್ಲಿ ನಾನೇ ಮೊದಲಿಗ. ಜನ ವೇದಿಕೆಯಲ್ಲೂ ಅದೇ ಸದ್ದು ಬೇಕೆಂದರು. ಅದಕ್ಕೆ ಕೀಬೋರ್ಡ್ ಬೇಕು, ರಿದಂ ಪ್ಯಾಡ್ ಬೇಕು. ಕೀಬೋರ್ಡಿನಲ್ಲಿ ‘ಸ್ಟ್ರಿಂಗ್ಸ್’ ಅಂತಲೇ ಒಂದು ಗುಂಡಿ. ಒತ್ತಿದರೆ ಮೂವತ್ತು ವಯಲಿನ್ನು. ಮ್ಯಾಟಡಾರಿನಲ್ಲಿ ಮೂರು ವಯಲಿನ್ನು ಬರುತ್ತಿದ್ದದ್ದು ಒಂದಾಯಿತು, ಆ ಒಂದೂ ಮುಂದಿನ ವರ್ಷ ಬರಲಿಲ್ಲ. ರಿದಂ ಪ್ಯಾಡು ಡ್ರಮ್ಸು ಕಾಂಗೊ ಎರಡನ್ನೂ ಮನೆಗೆ ಕಳಿಸಿತು. ತಬಲ, ಕೊಳಲು ಸ್ವಲ್ಪ ದಿನ ಜಗ್ಗಾಡಿದವು. ಆಮೇಲೆ ಸಿ.ಡಿ.ಯಲ್ಲಿ ಟ್ರ್ಯಾಕು ಬಂತು, ಪೆನ್‌ಡ್ರೈವ್ ಬಂತು, ಕೀಬೋರ್ಡಿನವನೇ ಮನೆಗೆ ಹೋದ.

ಇದಕ್ಕೆಲ್ಲ ಹತ್ತು ಗಂಟೆಯ ಕಾನೂನನ್ನು ಬೈಯುವವರಿದ್ದಾರೆ. ಧ್ವನಿವರ್ಧಕ ರಾತ್ರಿ ಹತ್ತರ ಮೇಲೆ ಕೂಡದು ಅಂತ 2000ದ ನಿಯಮ, ಅದನ್ನು ಗಟ್ಟಿ ಮಾಡಿದ್ದು 2005ರ ಸುಪ್ರೀಂ ಕೋರ್ಟ್ ತೀರ್ಪು. ನಮ್ಮ ಕಾಲದಲ್ಲಿ ಒಂಬತ್ತೂವರೆಗೆ ಶುರುವಾಗಿ ಒಂದಕ್ಕೆ ಮುಗಿಯುತ್ತಿತ್ತು. ಮುದುಕರು, ಬಾಣಂತಿಯರು, ಪರೀಕ್ಷೆಯ ಮಕ್ಕಳು ಏನು ಮಾಡುತ್ತಿದ್ದರೋ, ಯಾರೂ ಕೇಳುತ್ತಿರಲಿಲ್ಲ. ಕಾನೂನು ಸರಿ. ಹತ್ತರೊಳಗೆ ಮುಗಿಸಲು ಆಗದ್ದೇನೂ ಇಲ್ಲ, ಭಾಷಣ ಕಡಿಮೆ ಮಾಡಬೇಕು ಅಷ್ಟೆ.

ಹಾಗಂತ ವಯಲಿನ್ ಕಲಿಯುವವರು ಕಡಿಮೆಯಾಗಿದ್ದಾರೆಯೆ? ಅದೇ ತಮಾಷೆ. ಕೊಳಲು, ಪಿಟೀಲು, ಪಿಯಾನೋ ಪಾಠ ಇವತ್ತು ಹೆಬ್ಬಾಳದಾಚೆಯ ಅಪಾರ್ಟ್‌ಮೆಂಟುಗಳಲ್ಲೂ ನಡೆಯುತ್ತದೆ. ಆರ್‌.ಟಿ. ನಗರದಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. 1987ರಲ್ಲಿ, ‘ಪ್ರೇಮಲೋಕ’ ಬಂದ ವರ್ಷವೇ, ಅರುಣಾ ಸುಂದರಲಾಲ್ ಕಟ್ಟಿದ್ದು. ಎರಡು ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದ ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆಯಲ್ಲಿ ಸಂಗೀತಶಾಲೆ ಇರುವುದು ನ್ಯಾಯವೇ. ಪಾಶ್ಚಾತ್ಯ ಸಂಗೀತ ಕಲಿಸುತ್ತಾ, ಚೇಂಬರ್ ಆರ್ಕೆಸ್ಟ್ರಾ ಒಂದನ್ನೂ ಕಟ್ಟಿದವರು ಅರುಣಾ. ಈ ಊರಿನಲ್ಲಿ ಅದಕ್ಕೆ ಎಷ್ಟು ಎದೆ ಬೇಕು ಅಂತ ನನಗೆ ಗೊತ್ತು. ಆದರೆ ಮಕ್ಕಳು ಕಲಿಯುವುದು ಹೆಚ್ಚಾಗಿ ಗ್ರೇಡ್ ಪರೀಕ್ಷೆಗೆ. ಪ್ರಶ್ನೆಪತ್ರಿಕೆ, ಸರ್ಟಿಫಿಕೇಟು ಎರಡೂ ಲಂಡನ್ನಿನ ಟ್ರಿನಿಟಿಯದು. 1945ರಲ್ಲಿ ಮಹಾರಾಜರಿಗೆ ಗೌರವ ಫೆಲೋಶಿಪ್ ಕೊಟ್ಟದ್ದೂ ಅದೇ ಟ್ರಿನಿಟಿ. ಎಸ್ಸೆಸ್ಸೆಲ್ಸಿ ಬರುತ್ತಲೂ ವಯಲಿನ್ನು ಬೀರುವಿನ ಮೇಲೆ ಹೋಗುತ್ತದೆ. ಹೋಗದೆ ಇನ್ನೇನು? ವೃತ್ತಿಯಾಗಿ ಕೂತು ನುಡಿಸಲು ಸಿಂಫನಿ ಬೇಕೆಂದರೆ ಮುಂಬೈಗೆ ಹೋಗಬೇಕು. 2006ರಲ್ಲಿ ಎನ್‌ಸಿಪಿಎಯಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಲ್ಲೂ ವಿದೇಶದಿಂದ ಬಂದ ಕೈಗಳೇ ಬಹಳ. ನಮ್ಮಲ್ಲಿ ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನವಿದೆ. ಏಳು ತಂತಿಯ ಪಿಟೀಲು ನುಡಿಸಿದ ಮಹಾನುಭಾವನ ನೆನಪಿಗೆ 1980ರಲ್ಲಿ ಪೂರಾ ಕಟ್ಟಡವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದರು. ಕಲ್ಲು ಗಾರೆಯ ಪಿಟೀಲು ಉಂಟು, ಅದರೊಳಗೆ ದಿನಾ ಬಂದು ಕೂತು ನುಡಿಸುವ ಒಂದು ವಾದ್ಯವೃಂದ ಇಲ್ಲ.

ಮೇಷ್ಟ್ರು ಈಗ ಯಲಹಂಕ ಉಪನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ರಾಜ್ಯೋತ್ಸವದ ಮಾರನೆಯ ಭಾನುವಾರ ಹುಡುಕಿಕೊಂಡು ಹೋದೆ. ನನ್ನ ಗುರುತು ಸಿಗಲಿಲ್ಲ. ಅಪ್ಪನ ಹೆಸರು, ಮಳೆಯ ಕಥೆ ಹೇಳಿದ ಮೇಲೆ ನಕ್ಕರು. ಪೆಟ್ಟಿಗೆ ತರಿಸಿ ತೆರೆದರು. ತಂತಿ ಸಡಿಲಿಸಿ, ಕುದುರೆ ಮಲಗಿಸಿ ಇಟ್ಟಿದ್ದಾರೆ. ಬಿಲ್ಲಿನ ಕೂದಲು ಒಂದು ಬದಿ ಹುಳ ತಿಂದಿದೆ. ಕೆಳಗೆ ನೋಟ್‌ಬುಕ್ಕುಗಳು, ಹಾಳೆ ಹೊದಿಸಿ ಅದರ ಮೇಲೆ ಚಿತ್ರದ ಹೆಸರು ಬರೆದು. ‘ಎರಡು ಕನಸು’. ‘ಗೀತಾ’. ‘ಪ್ರೇಮಲೋಕ’ದ್ದೂ ಒಂದಿತ್ತು, ಬರೀ ನಾಲ್ಕು ಪುಟ ತುಂಬಿತ್ತು. ಹಾಳೆಗಳ ಮಧ್ಯೆ ಪಿನ್ನು ಚುಚ್ಚಿದ ಚೀಟಿಗಳು, ಜನ ಹಾಡು ಕೇಳಿ ಕಳಿಸುತ್ತಿದ್ದವು. ಒಂದರಲ್ಲಿ ಎರಡು ರೂಪಾಯಿಯ ನೋಟು ಇನ್ನೂ ಇತ್ತು. “ಆ ಹಾಡು ನುಡಿಸೋಕಾಗ್ಲಿಲ್ಲ, ಟೈಮಾಗೋಯ್ತು. ದುಡ್ಡು ವಾಪಸ್ ಕೊಡೋಣ ಅಂದ್ರೆ ಯಾರದ್ದೋ ಏನೋ” ಅಂದರು.

“ಈಗ ನಿಮ್ಮ ಬೀದೀಲಿ ಯಾರಪ್ಪ ನುಡಿಸೋದು?”

ಲ್ಯಾಪ್‌ಟಾಪಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳ್ಳೇದೇ. ಮಳೆ ಬಂದ್ರೆ ಭಯ ಇಲ್ಲ” ಅಂದರು. ಪೆಟ್ಟಿಗೆ ಮುಚ್ಚಲು ಹೋದವರು ಏನನ್ನಿಸಿತೋ, ಸಡಿಲ ತಂತಿಯೊಂದನ್ನು ಬೆರಳಲ್ಲಿ ಮಿಡಿದರು. ಸ್ವರ ಅನ್ನುವಂಥದ್ದೇನೂ ಬರಲಿಲ್ಲ.

ಬರುವ ಸೆಪ್ಟೆಂಬರಿಗೋ ನವೆಂಬರಿಗೋ ನಿಮ್ಮ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ. ಎಷ್ಟು ಬರೀಲಿ ಸಾರ್ ಅಂತಾರೆ. ಬರೆಸುವ ಮುಂಚೆ ಒಂದು ಮಾತು ಕೇಳಿ: ಈ ಸಲ ಟ್ರ್ಯಾಕೋ, ವಾದ್ಯವೋ? ವಾದ್ಯ ಅಂದರೆ ಕೊಡಬೇಕೆಂದಿದ್ದಕ್ಕಿಂತ ಒಂದು ಇನ್ನೂರು ಹೆಚ್ಚು ಬರೆಸಿ. ವಯಲಿನ್ ಇದೆಯಾ ಅಂತಲೂ ಕೇಳಿ.